ಜುಮ್ಮು

ಪೊಟ್ಟಣದ ಮೇಲೆ ದೊಡ್ಡದಾಗಿ ಇದ್ದದ್ದು ಎರಡೇ ಚೀನೀ ಅಕ್ಷರ. ಮೊದಲನೆಯದು ಹೂವು, ಎರಡನೆಯದು ಮೆಣಸು ಎಂದು ಅಣ್ಣನ ಮಗ ಓದಿ ಹೇಳಿದ. ವೈದ್ಯಕೀಯ ಓದಲು ಸಿಚುವಾನ್ ಪ್ರಾಂತ್ಯಕ್ಕೆ ಹೋಗಿದ್ದ ಹುಡುಗ ಮೊದಲ ರಜೆಗೆ ಬಂದಾಗ ಅತ್ತೆಗೆಂದು ತಂದದ್ದು ಇದನ್ನು. ಕತ್ತರಿಯಿಂದ ಮೂಲೆ ಕತ್ತರಿಸಿ ತಟ್ಟೆಗೆ ಸುರಿದೆ. ಕಾಳುಮೆಣಸಿನ ಗಾತ್ರ, ಹಳೇ ಹಂಚಿನ ಕೆಂಪು. ಬಾಯಿ ಬಿಟ್ಟುಕೊಂಡ ಒಣ ಸಿಪ್ಪೆಗಳು, ಕೆಲವಕ್ಕೆ ಇನ್ನೂ ತೊಟ್ಟು ಅಂಟಿಕೊಂಡಿತ್ತು. ಒಂದನ್ನು ಬಾಯಿಗೆ ಹಾಕಿ ಕಚ್ಚಿದೆ. ಮೊದಲು ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಒಂದು ಘಮ. ಹತ್ತು ಎಣಿಸುವಷ್ಟರಲ್ಲಿ ತುಟಿಯ ಅಂಚು, ನಾಲಿಗೆಯ ತುದಿ ಜುಮ್ಮೆಂದವು.

‘ಇದು ಜುಮ್ಮನಕಾಯಿ ಅಲ್ವೇನೋ!’ ಎಂದೆ.

ಆ ಹೆಸರು ನನ್ನ ಬಾಯಿಗೆ ಬಂದು ಮೂವತ್ತು ವರ್ಷವಾಗಿತ್ತು. ಕುಮಟೆಯ ಹತ್ತಿರದ ಅಜ್ಜನಮನೆಯಲ್ಲಿ ಬಚ್ಚಲ ಹಿಂದೆ ಒಂದು ಮರವಿತ್ತು. ಬುಡದಿಂದ ಮೇಲಿನವರೆಗೆ ಕಾಂಡದ ತುಂಬ ಗೋಪುರದಂಥ ದಪ್ಪ ಮುಳ್ಳುಗಳು. ಮಕ್ಕಳು ಯಾರೂ ಅದಕ್ಕೆ ಒರಗುತ್ತಿರಲಿಲ್ಲ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಹಸಿರು ಗೊಂಚಲು ಇಳಿಸಿ ಅಜ್ಜಿ ಬಿಸಿಲಿಗೆ ಹರವುತ್ತಿದ್ದಳು. ಕಾಯಿ ತಾನಾಗಿ ಬಿರಿದು ಒಳಗಿನ ಕಪ್ಪು ಬೀಜ ಹೊರಬರುತ್ತಿತ್ತು. ಅದನ್ನು ಆರಿಸಿ ಎಸೆದು, ಸಿಪ್ಪೆಯನ್ನು ಮಾತ್ರ ಬಾಟಲಿಗೆ ತುಂಬುವಳು. ಹೆಸರುಕಾಳಿನ ಹುಳಿ ಒಲೆಯಿಂದ ಇಳಿಸುವ ಮುಂಚೆ ಮೂರು ನಾಲ್ಕು ಸಿಪ್ಪೆ ಜಜ್ಜಿ ಹಾಕುವಳು. ಹಲ್ಲುನೋವು ಎಂದು ಅತ್ತರೆ ‘ಒಂದು ದವಡೆಲ್ಲಿ ಇಟ್ಗ’ ಎನ್ನುವಳು. ಪಕ್ಕದ ಕೊಂಕಣಿ ಮನೆಯವರಿಗೆ ಅದು ತೆಪ್ಪಲ್. ಅವರ ಬಂಗಡೆ ಸಾರಿನ ಜೀವವೇ ಅದು. ಗೋವಾದವರು ತಿರ್ಫಳ ಎನ್ನುತ್ತಾರೆ.

ಹುಡುಗ ತಂದದ್ದು ಹ್ವಾಜ್ಯಾವ್. ಸಿಚುವಾನ್ ಪೆಪ್ಪರ್ ಎಂದು ಇಂಗ್ಲಿಷಿನಲ್ಲಿ ಕರೆಯುತ್ತಾರಾದರೂ ಕಾಳುಮೆಣಸಿಗೂ ಅದಕ್ಕೂ ನಂಟಿಲ್ಲ. ಅದು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದಲ್ಲಿ ಜಾಂತೋಕ್ಸೈಲಮ್ ಎಂಬುದೊಂದು ಕುಲ. ಅಜ್ಜಿಯ ಮರವೂ ಅದೇ ಕುಲದ್ದು, ಜಾತಿ ಮಾತ್ರ ಬೇರೆ. ಅಕ್ಕತಂಗಿಯರೆನ್ನಬಹುದು. ಮೂರನೆಯ ತಂಗಿ ಹಿಮಾಲಯದ ಬೆಟ್ಟಗಳಲ್ಲಿ ಇದ್ದಾಳೆ. ನೇಪಾಳದಲ್ಲಿ ಟಿಮೂರ್, ನಮ್ಮ ಆಯುರ್ವೇದದವರ ತುಂಬುರು. ಈ ನಿಂಬೆಯ ನೆಂಟಸ್ತಿಕೆಗೆ ಹ್ವಾಜ್ಯಾವ್ ದೊಡ್ಡ ಬೆಲೆಯನ್ನೇ ತೆರಬೇಕಾಯಿತು. ಕಿತ್ತಳೆ ತೋಟಗಳಿಗೆ ತಗಲುವ ಕ್ಯಾಂಕರ್ ರೋಗವನ್ನು ಈ ಸಿಪ್ಪೆ ಹೊತ್ತು ತರಬಹುದೆಂದು ಅಮೆರಿಕ 1968ರಿಂದ ಅದರ ಆಮದನ್ನೇ ನಿಲ್ಲಿಸಿತ್ತು. 2005ರಲ್ಲಿ, ಬಿಸಿ ಮಾಡಿ ರೋಗಾಣು ಕೊಂದ ಸರಕಾದರೆ ತರಬಹುದೆಂದು ಬಾಗಿಲು ತೆರೆಯಿತು.

ಹುಡುಗ ಅಂದು ಹೇಳಿಕೊಟ್ಟ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಚಕ್ಕಳಮಕ್ಕಳ ಹಾಕಿ ಹೆಚ್ಚು ಹೊತ್ತು ಕೂತರೆ ಕಾಲು ಜುಮ್ಮು ಹಿಡಿಯುತ್ತದಲ್ಲ, ಅದಕ್ಕೆ ಚೀನೀಯರು ‘ಮಾ’ ಎನ್ನುತ್ತಾರೆ. ಹ್ವಾಜ್ಯಾವ್ ಕಚ್ಚಿದಾಗ ನಾಲಿಗೆಗೆ ಆಗುವುದಕ್ಕೂ ಅದೇ ‘ಮಾ’. ಮೆಣಸಿನಕಾಯಿಯ ಖಾರಕ್ಕೆ ‘ಲಾ’. ಎರಡೂ ಕೂಡಿದ್ದು ‘ಮಾಲಾ’, ಸಿಚುವಾನ್ ಅಡುಗೆಯ ಹೆಸರಾಂತ ರುಚಿ. ಇಂಗ್ಲಿಷಿನ ಅಡುಗೆ ಪುಸ್ತಕಗಳು ಈ ‘ಮಾ’ವನ್ನು ಹಿಡಿಯಲು ಎರಡು ಮೂರು ಪದ ಖರ್ಚು ಮಾಡುತ್ತವೆ. ಕನ್ನಡಕ್ಕೆ ಒಂದೇ ಸಾಕು. ಕಾಲಿಗೂ ಜುಮ್ಮು, ನಾಲಿಗೆಗೂ ಜುಮ್ಮು. ಸಾವಿರಾರು ಮೈಲಿ ದೂರದ ಎರಡು ಸೀಮೆಯ ಜನ ಅದೇ ಕುಲದ ಕಾಯಿ ಕಚ್ಚಿ, ಕಾಲು ಮರಗಟ್ಟಿದ್ದನ್ನು ನೆನೆದು, ಒಂದೇ ರೀತಿ ಹೆಸರಿಟ್ಟರಲ್ಲ ಎಂದು ನನಗೆ ರೋಮಾಂಚನವಾಯಿತು. ರೋಮಾಂಚನಕ್ಕೂ ಕನ್ನಡದಲ್ಲಿ ಮೈ ಜುಮ್ಮೆಂದಿತು ಎಂದೇ ಹೇಳುತ್ತೇವೆ.

ಈ ಜುಮ್ಮು ರುಚಿಯ ಲೆಕ್ಕಕ್ಕೆ ಬರುವುದಿಲ್ಲ, ಅದು ಸ್ಪರ್ಶ. ಸಿಪ್ಪೆಯಲ್ಲಿರುವ ಸ್ಯಾನ್‌ಶೂಲ್ ಎಂಬ ವಸ್ತು ಸ್ಪರ್ಶವನ್ನು ತಿಳಿಸುವ ನರಗಳನ್ನೇ ಮಿಡಿಸುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ಅಳೆದರು. ಜನರ ತುಟಿಗೆ ಹ್ವಾಜ್ಯಾವ್ ಸವರಿ, ಬೆರಳಿಗೆ ಕಂಪಿಸುವ ಯಂತ್ರ ಕೊಟ್ಟು, ತುಟಿಯ ಜುಮ್ಮಿಗೆ ಯಾವ ಕಂಪನ ಸರಿಹೊಂದುತ್ತದೆ ಹೇಳಿ ಎಂದರು. ಉತ್ತರ ಸೆಕೆಂಡಿಗೆ ಸುಮಾರು 50 ಸಲದ ಹತ್ತಿರ ಬಂದಿತು. ನಮ್ಮ ಮನೆಯ ವಿದ್ಯುತ್ತು ಹರಿಯುವುದೂ 50 ಹರ್ಟ್ಸ್‌ನಲ್ಲಿಯೇ.

ಹೆಸರುಗಳ ಕತೆ ಇಲ್ಲಿಗೆ ಮುಗಿಯಲಿಲ್ಲ. ನಮಗೆ ಮೊದಲಿದ್ದದ್ದು ಮೆಣಸು, ಅಂದರೆ ಕಾಳುಮೆಣಸು. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದ ಖಾರದ ಕಾಯಿ ಬಂದಾಗ ಅದಕ್ಕೆ ಮೆಣಸಿನಕಾಯಿ ಎಂದೆವು. ಚೀನೀಯರಿಗೆ ಮೊದಲಿದ್ದದ್ದು ‘ಜ್ಯಾವ್’, ಅಂದರೆ ಈ ಜುಮ್ಮಿನ ಸಿಪ್ಪೆ. ಪಡುವಣದಿಂದ ಕಾಳುಮೆಣಸು ಬಂದಾಗ ಅದು ‘ಹೂಜ್ಯಾವ್’ ಆಯಿತು, ಪಡುವಣದ ಪರಕೀಯರ ಜ್ಯಾವ್ ಎಂದು. ಹದಿನಾರನೇ ಶತಮಾನದ ಕೊನೆಗೆ ಮೆಣಸಿನಕಾಯಿ ಕಾಲಿಟ್ಟಾಗ ಮೊದಮೊದಲು ‘ಫಾನ್‌ಜ್ಯಾವ್’, ಅದೂ ಪರದೇಶದ ಜ್ಯಾವ್. ಆಮೇಲೆ ‘ಲಾಜ್ಯಾವ್’, ಖಾರದ ಜ್ಯಾವ್. ನಾವು ಮೆಣಸಿನ ಹೆಸರನ್ನು ಹೊಸಬರಿಗೆ ಹಂಚಿದ ಹಾಗೆಯೇ ಅವರು ಜ್ಯಾವ್ ಹೆಸರನ್ನು ಹಂಚಿದರು. ಹಾನ್ ವಂಶದ ಅರಮನೆಯಲ್ಲಿ ರಾಣಿಯ ಕೋಣೆಯ ಗೋಡೆಗೆ ಈ ಸಿಪ್ಪೆಯನ್ನು ಅರೆದು ಮಣ್ಣಿನೊಂದಿಗೆ ಮೆತ್ತುತ್ತಿದ್ದರು. ಘಮಕ್ಕೂ ಬೆಚ್ಚಗಿರಲೆಂದೂ, ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಗಿಡದಂತೆ ಸಂತಾನವಾಗಲೆಂದೂ.

ಇನ್ನು ಅಡುಗೆಮನೆಗೆ ಬರುತ್ತೇನೆ.

ಮೊದಲ ದಿನವೇ ಎಲೆಕೋಸಿನ ಪಲ್ಯಕ್ಕೆ ಹ್ವಾಜ್ಯಾವ್ ಹಾಕಿದೆ. ಎಣ್ಣೆ ಕಾಯಿಸಿ, ಸಾಸಿವೆ ಚಟಪಟ ಎಂದಮೇಲೆ ಒಂದು ಚಮಚ ಸಿಪ್ಪೆ ಸುರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕರ್ರಗಾಯಿತು, ಪಲ್ಯವೆಲ್ಲ ಕಹಿ. ಸಾಸಿವೆ ಸಿಡಿಯಲು ಎಣ್ಣೆ ಚೆನ್ನಾಗಿ ಕಾಯಬೇಕು. ಹ್ವಾಜ್ಯಾವ್‌ಗೆ ಅಷ್ಟು ಕಾವು ತಡೆಯದು. ಎಣ್ಣೆ ತಣ್ಣಗಿರುವಾಗಲೇ ಹಾಕಿ, ಸಣ್ಣ ಉರಿಯಲ್ಲಿ ನಿಧಾನ ಕಾಯಿಸಿದರೆ ಅದು ತನ್ನ ಘಮವನ್ನು ಎಣ್ಣೆಗೆ ಒಪ್ಪಿಸುತ್ತದೆ. ಬಣ್ಣ ತುಸು ಗಾಢವಾದ ಕೂಡಲೇ ಒಣಮೆಣಸಿನ ತುಂಡು ಹಾಕಬೇಕು. ಅದು ಉಬ್ಬಿ ಕಂದು ತಿರುಗುವುದರೊಳಗೆ ತರಕಾರಿ ಬೀಳಬೇಕು. ಈ ಕ್ರಮಕ್ಕೆ ಚೀನೀ ಅಡುಗೆಯಲ್ಲಿ ‘ಛಿಯಾಂಗ್’ ಎನ್ನುತ್ತಾರೆ. ನಮ್ಮ ಒಗ್ಗರಣೆಯೇ ಅದು. ಆದರೆ ಹುಳಿ, ಸಾರಿನ ಮೇಲೆ ಕೊನೆಗೆ ಹೊಯ್ಯುವ ಒಗ್ಗರಣೆಯಂತಲ್ಲ, ತಳದಿಂದ ಶುರುವಾಗುವುದು.

ಈಗ ನನ್ನ ಎಲೆಕೋಸು ಹೀಗೆ. ಕಾಲು ಕಿಲೋಗಿಂತ ಹೆಚ್ಚು ಒಂದು ಸಲಕ್ಕೆ ಬೇಡ. ಹೋಟೆಲಿನ ಬೆಂಕಿ ನಮ್ಮ ಒಲೆಗೆ ಇಲ್ಲ. ಬಾಣಲೆ ತುಂಬಿದರೆ ಕೋಸು ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ಎಲೆಗಳನ್ನು ಚಾಕುವಿನಿಂದ ಹೆಚ್ಚದೆ ಕೈಯಲ್ಲೇ ಹರಿಯಬೇಕು. ತೊಳೆದು ಬಟ್ಟೆಯಲ್ಲಿ ಒರೆಸಬೇಕು, ಒಂದು ಹನಿ ನೀರೂ ಇರಕೂಡದು. ಕಬ್ಬಿಣದ ಬಾಣಲೆ, ಎರಡು ಚಮಚ ಎಣ್ಣೆ, ಅರ್ಧ ಚಮಚ ಹ್ವಾಜ್ಯಾವ್, ನಾಲ್ಕು ಬ್ಯಾಡಗಿ ಮೆಣಸಿನಕಾಯಿ. ಕೋಸು ಬಿದ್ದ ಮೇಲೆ ಉರಿ ಪೂರ್ತಿ ಏರಿಸಿ ಎರಡೇ ನಿಮಿಷ. ಉಪ್ಪು, ಚಿಟಿಕೆ ಸಕ್ಕರೆ, ಇಳಿಸುವಾಗ ಬಾಣಲೆಯ ಅಂಚಿಗೆ ಒಂದು ಚಮಚ ವಿನೆಗರ್. ಚೀನಾದವರು ಅನ್ನ ಹುಳಿಬರಿಸಿ ಮಾಡಿದ ಕಪ್ಪು ವಿನೆಗರ್ ಬಳಸುತ್ತಾರೆ. ಇಲ್ಲದಿದ್ದರೆ ಬಿಳಿಯದೂ ನಡೆಯುತ್ತದೆ. ತಟ್ಟೆಗೆ ಬರುವಾಗ ಕೋಸು ಇನ್ನೂ ಕರಂ ಎನ್ನಬೇಕು.

ತೆಂಗಿನತುರಿ ಹಾಕಿ ಮೆತ್ತಗೆ ಬೇಯಿಸಿದ ನಮ್ಮ ಎಲೆಕೋಸಿನ ಪಲ್ಯ ನನಗೆ ಇಂದಿಗೂ ಇಷ್ಟ. ಆದರೆ ಕೋಸಿಗೆ ತನ್ನದೇ ಒಂದು ಸಿಹಿ ಇದೆ ಎಂದು ನಾನು ತಿಳಿದದ್ದು ಐವತ್ತು ದಾಟಿದ ಮೇಲೆ, ಈ ಎರಡು ನಿಮಿಷದ ಅಡುಗೆಯಿಂದ. ಮಸಾಲೆ ಇಲ್ಲಿ ತರಕಾರಿಯ ಮೈಗೆ ಅಂಟುವುದಿಲ್ಲ. ಎಣ್ಣೆಯಲ್ಲಿ ಉಳಿಯುತ್ತದೆ, ಗಾಳಿಯಲ್ಲಿ ಉಳಿಯುತ್ತದೆ, ತುಟಿಯಲ್ಲಿ ಜುಮ್ಮಾಗಿ ಉಳಿಯುತ್ತದೆ. ಸಿಪ್ಪೆಗಳನ್ನು ಕರಿಬೇವಿನ ಹಾಗೆ ಪಕ್ಕಕ್ಕೆ ಸರಿಸಿ ತಿನ್ನುವುದು. ಆಲೂಗಡ್ಡೆಯನ್ನು ಕಡ್ಡಿಯಷ್ಟು ತೆಳ್ಳಗೆ ಹೆಚ್ಚಿ, ನೀರು ತಿಳಿಯಾಗುವ ತನಕ ತೊಳೆದು ಪಿಷ್ಟ ಕಳೆದು, ಇದೇ ಕ್ರಮದಲ್ಲಿ ಹುರಿದು ವಿನೆಗರ್ ಬೆರೆಸುವುದು ಚೀನಾದ ಮನೆಮನೆಯ ಅಡುಗೆ. ಆಲೂಗಡ್ಡೆ ಗರಿಗರಿಯಾಗಿ ಇರಬಹುದು ಎಂದು ನಾನು ಎಣಿಸಿರಲೇ ಇಲ್ಲ.

ಪುಡಿ ಬೇಕಾದಾಗ ಹ್ವಾಜ್ಯಾವನ್ನು ಎಣ್ಣೆಯಿಲ್ಲದೆ ಹದವಾಗಿ ಹುರಿದು, ಆರಿಸಿ, ಕುಟ್ಟಿ, ಜರಡಿ ಹಿಡಿಯಬೇಕು. ಒಳಗಿನ ಹಳದಿ ಪೊರೆ ಹೊಟ್ಟಾಗಿ ಉಳಿಯುತ್ತದೆ, ಅದು ಬೇಡ. ಎರಡು ಮೂರು ವಾರಕ್ಕಿಂತ ಹೆಚ್ಚಿಗೆ ಮಾಡಿಡಬಾರದು. ಸಾರಿನ ಪುಡಿ ಆರು ತಿಂಗಳು ತಾಳುತ್ತದೆ. ಇದರ ಜುಮ್ಮು ಅಷ್ಟು ದಿನ ಕಾಯುವುದಿಲ್ಲ.

ಹ್ವಾಜ್ಯಾವ್ ಸೇರುವ ಇನ್ನೊಂದು ಪುಡಿ ಚೀನೀಯರಲ್ಲಿದೆ, ಐದು ಮಸಾಲೆಯ ಪುಡಿ. ಅದರಲ್ಲಿ ನಾಲ್ಕು ನಮ್ಮ ಡಬ್ಬಿಯಲ್ಲೇ ಇವೆ. ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು. ಐದನೆಯದು ಹ್ವಾಜ್ಯಾವ್. ಚಕ್ರಮೊಗ್ಗು ಎಂದರೂ ಅದು ಮೊಗ್ಗಲ್ಲ, ಒಣಗಿದ ಕಾಯಿ. ಹೆಚ್ಚಾಗಿ ಬೆಳೆಯುವುದು ದಕ್ಷಿಣ ಚೀನಾದ ಗ್ವಾಂಗ್‌ಶಿಯಲ್ಲಿ, ಪಕ್ಕದ ವಿಯೆಟ್ನಾಮಿನಲ್ಲಿ. ಅಂದರೆ ನಮ್ಮ ಮದುವೆಮನೆಯ ಪಲಾವ್ ಎಂದೋ ಚೀನಾದ ಮರದ ಋಣದಲ್ಲಿದೆ. ಅಂಗಡಿಯವರು ಚಕ್ಕೆಯೆಂದು ಕೊಡುವ ದಪ್ಪ ಒರಟು ತೊಗಟೆ ಬಹುಪಾಲು ಕ್ಯಾಸಿಯಾ, ಅದೂ ಆ ಸೀಮೆಯದೇ. ದಾಲ್ಚಿನ್ನಿ ಎಂಬ ಹೆಸರಿನ ಮೂಲ ಪಾರಸಿಯ ದಾರ್‌ಚೀನೀ, ಚೀನಾದ ಮರ. ಹಾಗಾಗಿ ಈ ಪುಡಿಯ ಪರಿಮಳ ಬಿಸಿಬೇಳೆಬಾತಿನ ಪುಡಿಯ ದೂರದ ನೆಂಟನ ಹಾಗೆ ಬರುತ್ತದೆ. ಕೊತ್ತಂಬರಿ ಇಲ್ಲ, ಮೆಂತ್ಯ ಇಲ್ಲ, ಮೆಣಸಿನಕಾಯಿ ಇಲ್ಲ. ಅದರಿಂದಲೇ ಇದು ತೀಕ್ಷ್ಣ. ನಮ್ಮ ಪುಡಿಯ ಹಾಗೆ ಚಮಚಗಟ್ಟಲೆ ಹಾಕಿದರೆ ಅಡುಗೆ ಕೆಮ್ಮಿನ ಔಷಧಿಯಂತಾಗುತ್ತದೆ.

ಚೀನಾದಲ್ಲಿ ಈ ಪುಡಿ ಹೆಚ್ಚಾಗಿ ಮಾಂಸದ ಅಡುಗೆಗೆ. ನಾನು ಅದನ್ನು ಹಾಕುವುದು ಸಿಹಿಗುಂಬಳಕ್ಕೆ. ನಮ್ಮ ಕಡೆ ಸಿಹಿಗುಂಬಳದ ಹೆಸರು ಚೀನಿಕಾಯಿ. ಗುಂಬಳದ ಹುಟ್ಟೂರು ಅಮೆರಿಕ ಖಂಡ, ಹೆಸರು ಚೀನಾದ್ದು, ಬೆಳೆಯುವುದು ನಮ್ಮ ಹಿತ್ತಲಲ್ಲಿ. ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ, ಅರ್ಧ ಕಿಲೋಗೆ ಕಾಲು ಚಮಚ ಪುಡಿ, ಉಪ್ಪು, ಎಣ್ಣೆ ಸವರಿ, ಕಾವಲಿಯ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಕೊನೆಯ ಐದು ನಿಮಿಷ ಮುಚ್ಚಳ ತೆಗೆದು ಅಂಚು ಕೆಂಪಾಗಲು ಬಿಡಿ. ಗುಂಬಳದ ಸಿಹಿ, ಸೋಂಪಿನ ತಂಪು, ಕೊನೆಗೆ ಸಣ್ಣಗೆ ಜುಮ್ಮು. ಮೈಸೂರಿನ ನಮ್ಮ ಮನೆಯಲ್ಲಿ ಗುಂಬಳ ಎಂದರೆ ಮುಖ ತಿರುಗಿಸುತ್ತಿದ್ದ ಯಜಮಾನರು ಈಗ ಭಾನುವಾರ ತಾವೇ ಸಂತೆಯಿಂದ ತರುತ್ತಾರೆ.

ಬದನೆಕಾಯಿಗೆ ಮಾತ್ರ ಪುಡಿ ಸಾಲದು. ಸಿಚುವಾನಿನವರು ಬದನೆಗೆ ಮಾಡುವ ಒಂದು ಗೊಜ್ಜಿಗೆ ‘ಯೂಶ್ಯಾಂಗ್’ ಎಂದು ಹೆಸರು, ಮೀನಿನ ಪರಿಮಳ ಎಂದರ್ಥ. ಅದರಲ್ಲಿ ಮೀನಿನ ಸುಳಿವೂ ಇಲ್ಲ. ಮೀನಡುಗೆಗೆ ಹಾಕುವ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಹೂವು, ಉಪ್ಪಿನಲ್ಲಿ ಹುಳಿಬಂದ ಮೆಣಸಿನಕಾಯಿ, ಸಕ್ಕರೆ, ವಿನೆಗರ್ ಇವೇ ಬದನೆಗೂ ಬೀಳುತ್ತವೆ. ಮನೆಗಳಲ್ಲಿ ಹುಳಿಬಂದ ಮೆಣಸಿನಕಾಯಿಯ ಬದಲು ದೋಬಾನ್‌ಜ್ಯಾಂಗ್ ಎಂಬ ಕೆಂಪು ಹಿಟ್ಟು ಹಾಕುವುದೂ ಇದೆ. ಅದನ್ನು ಮಾಡುವ ಬಗೆಯನ್ನು ಕೇಳಿದಾಗಲೇ ನನಗೆ ಅದರ ಮೇಲೆ ಗೌರವ ಹುಟ್ಟಿದ್ದು. ಚೆಂಗ್ಡು ನಗರದ ಪಕ್ಕದ ಪೀಶ್ಯೆನ್ ಇದಕ್ಕೆ ಹೆಸರಾದ ಊರು. ಅಗಲ ಅವರೆಯಂಥ ಫಾವಾ ಕಾಳನ್ನು ಗೋಧಿಹಿಟ್ಟಿನೊಂದಿಗೆ ಬೂಸ್ಟು ಬರಿಸಿ ಉಪ್ಪುನೀರಲ್ಲಿ ಇಡುತ್ತಾರೆ. ಕೆಂಪು ಮೆಣಸಿನಕಾಯಿ ಕೊಚ್ಚಿ ಉಪ್ಪು ಬೆರೆಸಿ ಬೇರೆ ಇಡುತ್ತಾರೆ. ಆಮೇಲೆ ಎರಡನ್ನೂ ಕೂಡಿಸಿ ಮಣ್ಣಿನ ಗುಡಾಣಗಳಿಗೆ ತುಂಬಿ ಅಂಗಳದಲ್ಲಿ ಸಾಲಾಗಿ ಇಡುವುದು. ಹಗಲು ಬಿಸಿಲಿಗೆ ತೆರೆದು ಮಗುಚುವುದು, ರಾತ್ರಿ ಇಬ್ಬನಿಗೆ ಬಾಯಿ ತೆರೆದಿಡುವುದು, ಮಳೆ ಬಂದರೆ ಓಡಿಬಂದು ಮುಚ್ಚುವುದು. ಒಂದು ವರ್ಷ, ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. 2008ರಲ್ಲಿ ಚೀನಾ ಸರ್ಕಾರ ಈ ಕಸುಬನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಹನಿ ಬಿದ್ದೊಡನೆ ಹಪ್ಪಳ, ಸಂಡಿಗೆ ಎತ್ತಿಕೊಂಡು ಮಹಡಿಯಿಂದ ಇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಒಂದು ಚಮಚ ಹಿಟ್ಟನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿದರೆ ಎಣ್ಣೆ ಕೆಂಪು ತಿರುಗುತ್ತದೆ. ಅದರಲ್ಲಿ ಮೊದಲೇ ಹುರಿದಿಟ್ಟ ಬದನೆ ಹೊರಳಿಸಬೇಕು. ಹಿಟ್ಟಿನಲ್ಲೇ ಉಪ್ಪು ಬೇಕಾದಷ್ಟಿದೆ, ಮತ್ತೆ ಹಾಕಬೇಡಿ. ನಮ್ಮ ಉಡುಪಿಯ ಮಟ್ಟುಗುಳ್ಳ ಈ ಅಡುಗೆಗೆ ಒಪ್ಪುವಷ್ಟು ಬೇರೆ ಬದನೆ ಒಪ್ಪಲಿಲ್ಲ. ತೆಳು ಸಿಪ್ಪೆ, ಬೆಣ್ಣೆಯಂಥ ಒಳಗು.

ಈರುಳ್ಳಿ ಬೆಳ್ಳುಳ್ಳಿ ಸೇರದ ನಮ್ಮ ಅತ್ತೆಯವರಿಗೆ ಇದನ್ನು ಹೇಗೆ ಬಡಿಸುವುದು ಎಂದು ಯೋಚಿಸುತ್ತಿದ್ದಾಗ ಚೀನಾದ ಬೌದ್ಧ ಮಠಗಳ ಅಡುಗೆಯ ವಿಷಯ ಓದಿದೆ. ಅಲ್ಲಿಯೂ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಮಠದವರು ಬಿಡುವ ಐದು ಘಾಟು ಪದಾರ್ಥಗಳ ಪಟ್ಟಿಯಲ್ಲಿ ನಮ್ಮ ಇಂಗೂ ಇದೆ. ಈರುಳ್ಳಿ ಬಿಟ್ಟವರು ಇಲ್ಲಿ ಇಂಗಿನಿಂದ ಆ ಕೊರತೆ ತುಂಬಿಕೊಂಡರೆ ಅಲ್ಲಿನವರು ಅಣಬೆ, ಶುಂಠಿ, ಹುಳಿಬರಿಸಿದ ಸೋಯಾದಿಂದ ತುಂಬಿಕೊಂಡರು. ನಾನೂ ಶುಂಠಿ ಹೆಚ್ಚಿಸಿ, ಬೆಳ್ಳುಳ್ಳಿ ಬಿಟ್ಟು, ಬೆಳ್ಳುಳ್ಳಿಯಿಲ್ಲದ ದೋಬಾನ್‌ಜ್ಯಾಂಗ್ ಎಂದು ಡಬ್ಬಿಯ ಮೇಲೆ ಖಾತ್ರಿ ಮಾಡಿಕೊಂಡು ಮಾಡಿದೆ. ಅತ್ತೆ ಎರಡನೇ ಸಲ ಬಡಿಸಿಕೊಂಡರು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಚೈನೀಸ್ ಎಂದರೆ ಗೋಬಿ ಮಂಚೂರಿ, ಚೀನೀ ಮಸಾಲೆ ಎಂದರೆ ಶೆಜ್ವಾನ್. ಆ ಹೆಸರು ಸಿಚುವಾನಿನದೇ. ಹತ್ತಿರದ ಅಂಗಡಿಗಳಲ್ಲಿ ಸಿಕ್ಕ ಶೆಜ್ವಾನ್ ಬಾಟಲಿ, ಪುಡಿ ಪೊಟ್ಟಣಗಳ ಹಿಂಬದಿ ಒಂದೊಂದಾಗಿ ಓದಿದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಸಕ್ಕರೆ, ಉಪ್ಪು, ಜೋಳದ ಪಿಷ್ಟ ಇದ್ದವು. ಹ್ವಾಜ್ಯಾವ್ ಒಂದರಲ್ಲೂ ಇರಲಿಲ್ಲ. ಕೊಲ್ಕತ್ತದ ಹಕ್ಕಾ ಚೀನೀಯರು ತಲೆಮಾರುಗಳಿಂದ ಭಾರತದ ನಾಲಿಗೆಗೆ ಹೊಂದಿಸಿ ಕಟ್ಟಿದ ಅಡುಗೆ ಒಂದು ನಿಜವಾದ ಅಡುಗೆ, ಅದರ ಮೇಲೆ ನನಗೆ ದೂರಿಲ್ಲ. ನನ್ನ ಸಂಕಟ ಬಣ್ಣದ ಬಗ್ಗೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರಾಜ್ಯದಾದ್ಯಂತ ತೆಗೆದ 171 ಗೋಬಿ ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ಅಸುರಕ್ಷಿತ ಎಂದು ಪರೀಕ್ಷೆಯಲ್ಲಿ ಕಂಡಿತ್ತು. ಸಂಜೆ ಹೊತ್ತು ಶಾಲೆ ಬಿಟ್ಟ ಮಕ್ಕಳು ಗಾಡಿಯ ಮುಂದೆ ನಿಂತು ತಿನ್ನುವ ತಿಂಡಿ ಅದು. ಹೂಕೋಸಿಗೆ ಕೆಂಪು ಬೇಕಾದರೆ ಬ್ಯಾಡಗಿ ಇದೆ. ಬ್ಯಾಡಗಿಯಲ್ಲಿ ಇರುವಷ್ಟು ಬಣ್ಣ, ಅಷ್ಟು ಕಡಿಮೆ ಖಾರ ಸಿಗುವ ಮೆಣಸಿನಕಾಯಿ ನಮ್ಮ ಹಾವೇರಿಯಲ್ಲೇ ಇದ್ದು, ಮಕ್ಕಳಿಗೆ ಬಣ್ಣದ ಪುಡಿ ತಿನ್ನಿಸಿದ್ದು ದೊಡ್ಡ ತಪ್ಪು.

ಹುಡುಗ ತಂದ ಕಾಲು ಕಿಲೋ ಒಂದು ವರ್ಷದಲ್ಲಿ ಮುಗಿಯಿತು. ಅಷ್ಟರಲ್ಲಿ ಕುಮಟೆಗೆ ಹೋಗುವ ಸಂದರ್ಭ ಬಂತು. ಅಜ್ಜನಮನೆಯ ಬಚ್ಚಲು ಈಗ ಮನೆಯೊಳಗೇ ಇದೆ. ಹೊಸದಾಗಿ ಕಟ್ಟಿಸುವಾಗ, ಮುಳ್ಳಿನ ಮರ, ಮಕ್ಕಳಿಗೆ ತಾಗೀತೆಂದು ಕಡಿಸಿಬಿಟ್ಟರಂತೆ. ಜುಮ್ಮನಕಾಯಿ ಇದೆಯಾ ಎಂದು ಕೇಳಿದರೆ ಮನೆಯ ಚಿಕ್ಕವರಿಗೆ ಹೆಸರೇ ಗೊತ್ತಿರಲಿಲ್ಲ. ಸಂತೆಯಲ್ಲಿ ಮೀನು ಮಾರುವ ಸಾಲಿನ ಹತ್ತಿರ, ಹುಣಸೆ, ಮುರುಗಲ ಸಿಪ್ಪೆಯ ಪಕ್ಕ ಒಬ್ಬ ಅಜ್ಜಿ ಸಣ್ಣ ರಾಶಿ ಹಾಕಿಕೊಂಡು ಕೂತಿದ್ದಳು. ಕಡುಕಂದು ಬಣ್ಣ, ಚೀನಾದ್ದಕ್ಕಿಂತ ದಪ್ಪ. ಎಲ್ಲವನ್ನೂ ಕೊಂಡೆ.

ನಮ್ಮದು ಹ್ವಾಜ್ಯಾವ್‌ಗಿಂತ ಒರಟು. ಘಮದಲ್ಲಿ ಕಿತ್ತಳೆಯ ಜೊತೆ ಹಸಿ ಕಟ್ಟಿಗೆಯ ವಾಸನೆಯೂ ಇದೆ. ಹ್ವಾಜ್ಯಾವ್ ಅರ್ಧ ಚಮಚ ಹಾಕುವಲ್ಲಿ ನಮ್ಮದು ನಾಲ್ಕು ಸಿಪ್ಪೆ ಸಾಕು. ಎಣ್ಣೆಯಲ್ಲಿ ಒಗ್ಗರಣೆಗಿಂತ, ಅಜ್ಜಿ ಮಾಡುತ್ತಿದ್ದಂತೆ ಕೊನೆಯಲ್ಲಿ ಜಜ್ಜಿ ಹಾಕಿದರೆ ಚೆನ್ನ. ಐದು ಮಸಾಲೆಯ ಪುಡಿಗೆ ಮಾತ್ರ ಸಲೀಸಾಗಿ ಹೊಂದುತ್ತದೆ. ಈಗ ನನ್ನ ಚೀನಿಕಾಯಿ ಹೋಳಿಗೆ ಬೀಳುವ ಪುಡಿಯಲ್ಲಿರುವುದು ಕುಮಟೆಯ ಜುಮ್ಮನಕಾಯಿಯೇ. ಮತ್ತೆ ರಜೆಗೆ ಬಂದ ಹುಡುಗನಿಗೆ ಹೇಳದೆ ಬಡಿಸಿದೆ. ತುಟಿ ಮುಟ್ಟಿ ನೋಡಿಕೊಂಡು, ಯಾರು ತಂದುಕೊಟ್ಟರು ಎಂದು ಕೇಳಿದ.

ಕರಾವಳಿಗೋ ಮಲೆನಾಡಿಗೋ ಹೋದಾಗ ಸಂತೆಯಲ್ಲಿ ಕೇಳಿ. ಜುಮ್ಮನಕಾಯಿ ಎಂದರೆ ತಿಳಿಯದಿದ್ದರೆ ತೆಪ್ಪಲ್ ಎನ್ನಿ. ಐವತ್ತು ಗ್ರಾಂ ಸಾಕು, ವರ್ಷಕ್ಕೆ ಬರುತ್ತದೆ. ಕಪ್ಪು ಬೀಜ ಉಳಿದಿದ್ದರೆ ಆರಿಸಿ ತೆಗೆಯಿರಿ, ಅದು ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ. ಹಿತ್ತಲಲ್ಲಿ ಮರ ಇರುವವರು ದಯವಿಟ್ಟು ಕಡಿಯಬೇಡಿ.